ಚಾಳೀಸು ರೋಗವಲ್ಲ, ಅದಕ್ಕೆ ಆಪರೇಶನ್ ಬೇಡ

ಹೋದ ತಿಂಗಳು ಬನಹಟ್ಟಿಯಿಂದ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಜಮಖಂಡಿಗೆ ಬಂದಿದ್ದರು. ಚಹಾ ಕುಡಿದಾದ ಮೇಲೆ ಅಂಗಿ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಮಾಸ್ತರ, ಇದರಾಗ ಏನ್ ಬರದಾರ ಓದಿ ಹೇಳ್ರಿ. ನನಗ ಕಾಣವಲ್ದು."

ದೊಡ್ಡ ಊರಿನ ಒಂದು ಕಣ್ಣಿನ ಆಸ್ಪತ್ರೆಯ ಬಣ್ಣದ ಪಾಂಪ್ಲೆಟ್ ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ಅದೊಂದೇ ಆಸ್ಪತ್ರೆ ಹೀಗೆ ಅಂತ ನೀವು ತಿಳಿದುಕೊಳ್ಳುತ್ತೀರಿ. ನಡುವೆ ಒಬ್ಬ ನಗುವ ಗಂಡಸು ಕನ್ನಡಕವನ್ನು ಗಾಳಿಗೆ ಎಸೆಯುತ್ತಿದ್ದಾನೆ. ಕನ್ನಡಕದಿಂದ ಮುಕ್ತಿ, ಐವತ್ತರಲ್ಲೂ ಇಪ್ಪತ್ತರ ದೃಷ್ಟಿ, ಹತ್ತೇ ನಿಮಿಷ, ನೋವಿಲ್ಲ, ಹೀಗೆ. ಹಿಂದಿನ ಪುಟದಲ್ಲಿ ಪೆನ್ನಿನಿಂದ ಬರೆದ ಲೆಕ್ಕ: ಎರಡೂ ಕಣ್ಣಿಗೆ ಒಂದು ಲಕ್ಷ ಅರವತ್ತು ಸಾವಿರ. ಎಲ್ಲಕ್ಕೂ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಫಲಿತಾಂಶ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ ಅನ್ನುವ ಮಾತು. ಅದನ್ನು ಓದಲು ನಾನೂ ನನ್ನ ಕನ್ನಡಕ ಏರಿಸಬೇಕಾಯಿತು. ಹತ್ತಿರದ್ದು ಕಾಣದವರಿಗೆ ಮಾರುವ ಸರಕಿನ ಷರತ್ತನ್ನು ಹತ್ತಿರದ್ದು ಕಾಣದವರು ಓದಲಾಗದ ಅಕ್ಷರದಲ್ಲಿ ಅಚ್ಚು ಹಾಕಿದವರ ಜಾಣತನಕ್ಕೆ ಏನೆನ್ನಬೇಕೋ.

ಮಾಮಾಗೆ ಐವತ್ತೊಂದು. ಮನೆಯಲ್ಲಿ ನಾಲ್ಕು ಪಾವರ್‌ಲೂಮ್. ಕಣ್ಣಲ್ಲಿ ಪೊರೆ ಇಲ್ಲ, ಮತ್ತೇನೂ ಕಾಯಿಲೆ ಇಲ್ಲ. ಯಾರೋ ನಡೆಸಿದ ಉಚಿತ ತಪಾಸಣೆಗೆ ಹೋಗಿದ್ದರು. ಹೆಸರು, ಫೋನ್ ನಂಬರು ಬರೆಸಿಕೊಂಡರು, ಎರಡು ದಿನದ ಮೇಲೆ ಫೋನು ಬಂತು, ಗಾಡಿ ಕಳಿಸಿ ಕರೆದೊಯ್ದರು, ವಾಪಸ್ ಬರುವಾಗ ಕೈಯಲ್ಲಿ ಈ ಕಾಗದ. ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಮಾಮಾ ಆಗಲೇ ಸೊಸೈಟಿಯಲ್ಲಿ ಸಾಲ ಕೇಳಿದ್ದರು. ಸಾಲ ಸಾಲದಿದ್ದರೆ ಒಂದು ಮಗ್ಗ ಕೊಡುವುದು ಅಂತ ಗಿರಾಕಿಯನ್ನೂ ನೋಡಿ ಇಟ್ಟಿದ್ದರು. ನೇಯುವುದಕ್ಕೆ ಕಣ್ಣು ಬೇಕು, ಕಣ್ಣಿಗಾಗಿ ಮಗ್ಗ ಮಾರುವುದು! ಈ ಲೇಖನ ಬರೆಯಲು ಕೂತದ್ದು ಆ ಸಿಟ್ಟಿನಲ್ಲೇ. ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲು ಮಾಮಾಗೆ ಆಗಿರುವುದೇನು ನೋಡೋಣ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕನ್ನಡಕಕ್ಕೆ ಚಾಳೀಸು ಅನ್ನುತ್ತಿದ್ದರು. ಮರಾಠಿಯವರು ಚಾಳಿಶಿ ಅನ್ನುತ್ತಾರೆ. ಚಾಳೀಸ್ ಎಂದರೆ ನಲವತ್ತು. ನಲವತ್ತಕ್ಕೆ ಬರುವುದು, ನಲವತ್ತಕ್ಕೆ ಹಾಕುವುದು. ತಲೆ ನರೆತಂತೆ, ಮೊಣಕಾಲು ಹಿಡಿದಂತೆ. ಅದಕ್ಕೆ ಯಾರೂ ರೋಗದ ಹೆಸರಿಟ್ಟಿರಲಿಲ್ಲ, ವಯಸ್ಸಿನ ಹೆಸರನ್ನೇ ಔಷಧಕ್ಕೆ ಇಟ್ಟು ಸುಮ್ಮನಾಗಿದ್ದರು.

ಕಣ್ಣಿನ ಒಳಗೊಂದು ಮಸೂರ ಇರುತ್ತದೆ. ಹುಡುಗರಿದ್ದಾಗ ಅದು ಮೆತ್ತಗೆ. ಹತ್ತಿರದ್ದನ್ನು ನೋಡುವಾಗ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ, ಅಕ್ಷರ ಸ್ಪಷ್ಟ. ಹತ್ತು ವರ್ಷದ ಹುಡುಗ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡೂ ಓದಬಲ್ಲ. ವಯಸ್ಸಾದಂತೆ ಮಸೂರ ಗಟ್ಟಿಯಾಗುತ್ತ ಹೋಗುತ್ತದೆ, ಉಬ್ಬಲು ಒಲ್ಲೆ ಅನ್ನುತ್ತದೆ. ನಲವತ್ತು ದಾಟಿದ ಮೇಲೆ ಪೇಪರು ದೂರ ದೂರ ಸರಿಯುತ್ತದೆ. ನಲವತ್ತೈದಕ್ಕೆ ಒಂದು ನಂಬರು, ಐವತ್ತಕ್ಕೆ ಇನ್ನೊಂದು, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ರಾಜನಿಗೂ ಇದೇ, ನೇಕಾರನಿಗೂ ಇದೇ. ತಪ್ಪಿಸಿಕೊಂಡವರು ಯಾರೂ ಇಲ್ಲ.

ಇನ್ನು ಇದಕ್ಕೆ ಮಾಡುವ ಆಪರೇಶನ್ನುಗಳ ವಿಚಾರ. ಒಂದು, ಲೇಸರ್. ಗಟ್ಟಿಯಾದದ್ದು ಒಳಗಿನ ಮಸೂರ, ಲೇಸರ್ ಕೆತ್ತುವುದು ಹೊರಗಿನ ಕಾರ್ನಿಯಾ. ಸೀರೆ ಹರಿದಿದ್ದಕ್ಕೆ ಕುಪ್ಪಸಕ್ಕೆ ತೇಪೆ ಹಾಕಿದಂತೆ. ಹಾಗಾದರೆ ಕಾಣುವುದು ಹೇಗೆ? ಸಾಮಾನ್ಯವಾಗಿ ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುತ್ತಾರೆ. ಮಿದುಳು ರೂಢಿ ಮಾಡಿಕೊಳ್ಳುತ್ತದೆ ಅನ್ನುತ್ತಾರೆ. ಹಲವರ ಮಿದುಳು ಮಾಡಿಕೊಳ್ಳುತ್ತದೆ, ಕೆಲವರದ್ದು ಒಲ್ಲೆ ಅನ್ನುತ್ತದೆ. ಎರಡು ಕಣ್ಣು ಕೂಡಿ ನೋಡಿದಾಗ ಸಿಗುವ ಆಳದ ಅಂದಾಜು ಕಡಿಮೆಯಾಗುತ್ತದೆ. ಲಾಳಿ ಬಡಿದಾಡುವ ಮಗ್ಗದಲ್ಲಿ ಕೈ ಹಾಕುವ ಮನುಷ್ಯನಿಗೆ ಆ ಅಂದಾಜು ತಪ್ಪಿದರೆ ಏನಾದೀತು ಅಂತ ಪಾಂಪ್ಲೆಟ್ ಬರೆದವರು ಒಮ್ಮೆ ಬನಹಟ್ಟಿಗೆ ಬಂದು ನೋಡಲಿ. ಮೇಲಾಗಿ ಮಸೂರ ಗಟ್ಟಿಯಾಗುವುದು ಅಲ್ಲಿಗೆ ನಿಲ್ಲುವುದಿಲ್ಲ. ನಲವತ್ತೈದಕ್ಕೆ ಕೆತ್ತಿಸಿಕೊಂಡದ್ದು ಐವತ್ತೈದಕ್ಕೆ ಸಾಲದೆ ಬಂದರೆ ಮತ್ತೆ ಕನ್ನಡಕವೇ ಗತಿ.

ಇನ್ನೊಂದು, ಪೊರೆ ಇಲ್ಲದಿದ್ದರೂ ಮಸೂರವನ್ನೇ ತೆಗೆದು ದೂರ-ಹತ್ತಿರ ಎರಡಕ್ಕೂ ಆಗುವ ಕೃತಕ ಮಸೂರ ಕೂರಿಸುವುದು. ಮಾಮಾಗೆ ಹೇಳಿದ್ದು ಇದನ್ನೇ. ಈ ಮಸೂರ ಬೆಳಕನ್ನು ಹಂಚುತ್ತದೆ, ಇಷ್ಟು ದೂರಕ್ಕೆ, ಇಷ್ಟು ಹತ್ತಿರಕ್ಕೆ. ಹಂಚಿದ್ದು ಎಂದೂ ಪೂರ್ತಿ ಆಗುವುದಿಲ್ಲ. ಮಬ್ಬು ಬೆಳಕಿನಲ್ಲಿ ಬಣ್ಣದ ಮೇಲಿನ ಬಣ್ಣ ಬೇರೆಯಾಗಿ ಕಾಣುವ ಶಕ್ತಿ ಸ್ವಲ್ಪ ಕುಗ್ಗುತ್ತದೆ, ರಾತ್ರಿ ದೀಪದ ಸುತ್ತ ಬಳೆಯಂಥ ಪ್ರಭೆ ಕಾಣುವವರೂ ಇದ್ದಾರೆ. ಟ್ಯೂಬ್‌ಲೈಟಿನ ಕೆಳಗೆ ಕಡುನೀಲಿ ಎಳೆಯ ಪಕ್ಕದ ಕರಿ ಎಳೆ ಗುರುತಿಸುವವನಿಗೆ ಇದು ಸಣ್ಣ ವಿಷಯವಲ್ಲ. ಮುಧೋಳದ ಕಡೆ ಕಬ್ಬಿನ ಸೀಜನ್ನಿನಲ್ಲಿ ಡಬಲ್ ಟ್ರಾಲಿ ಹಚ್ಚಿಕೊಂಡು ಇಡೀ ರಾತ್ರಿ ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಹೊಡೆಯುವವನಿಗೂ ಸಣ್ಣದಲ್ಲ. ಎದುರಿನ ಲಾರಿಯ ಹೆಡ್‌ಲೈಟು ಒಂದಿದ್ದದ್ದು ಬಳೆ ಬಳೆಯಾಗಿ ಕಂಡರೆ? ಇದರ ಜೊತೆಗೆ ಕಣ್ಣು ತೆರೆದು ಮಾಡುವ ಯಾವ ಆಪರೇಶನ್ನಿಗೂ ಇರುವ ಅಪಾಯ ಇದಕ್ಕೂ ಇದೆ: ಒಳಗೆ ಸೋಂಕು, ರೆಟಿನಾ ಕಳಚುವುದು. ಅಪರೂಪ, ಒಪ್ಪುತ್ತೇನೆ. ಆದರೆ ಚಂದ ಇದ್ದ ಕಣ್ಣಿಗೆ ಆ ಅಪರೂಪವಾದರೂ ಯಾಕೆ ಬೇಕು? ತೆಗೆದ ಮಸೂರವನ್ನು ಯಾರೂ ವಾಪಸ್ ಇಡುವುದಿಲ್ಲ. ಕನ್ನಡಕ ಸರಿಹೋಗದಿದ್ದರೆ ಅಂಗಡಿಗೆ ಹೋಗಿ ಬದಲಿಸಿ ಬರಬಹುದು.

ಹೊಸದು ಬಂದಿದೆ ಅಂದ ಕೂಡಲೇ ಓಡುವವರಿಗೆ ಅಮೆರಿಕದ ಒಂದು ಕತೆ ಹೇಳುತ್ತೇನೆ. ಕಾರ್ನಿಯಾದೊಳಗೆ ಒಂದು ಸಣ್ಣ ಬಿಲ್ಲೆ ತೂರಿಸಿ ಚಾಳೀಸು ಹೋಗಲಾಡಿಸುತ್ತೇವೆ ಅಂತ ರೇನ್‌ಡ್ರಾಪ್ ಎಂಬ ಹೆಸರಿನ ಬಿಲ್ಲೆಯೊಂದು ಬಂತು. 2016ರ ಜೂನ್‌ನಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2018ರ ಅಕ್ಟೋಬರ್‌ನಲ್ಲಿ ಅದೇ ಎಫ್‌ಡಿಎ ಇದನ್ನು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು, ಕಾರ್ನಿಯಾ ಮಂಜು ಕವಿದಂತೆ ಆಗುತ್ತಿದೆ ಅಂತ. ನಡುವೆ ಎರಡು ವರ್ಷ ಚಿಲ್ಲರೆ. ಅಷ್ಟರಲ್ಲಿ ಹಾಕಿಸಿಕೊಂಡವರು ಹಾಕಿಸಿಕೊಂಡರು. ನಮ್ಮಲ್ಲೂ ಇಂಥದ್ದೊಂದು ಆಯಿತು, ಆಪರೇಶನ್ ಅಲ್ಲ, ಹನಿ ಔಷಧ. 2024ರಲ್ಲಿ ಪ್ರೆಸ್‌ವು ಅಂತ ಒಂದು ಕಣ್ಣಿನ ಹನಿ, ಹದಿನೈದು ನಿಮಿಷದಲ್ಲಿ ಓದುವ ಕನ್ನಡಕ ಬೇಡ ಅನ್ನುವ ಸುದ್ದಿ ಪೇಪರು, ಟೀವಿ, ವಾಟ್ಸಾಪ್ ತುಂಬ ಹರಿದಾಡಿತು. ಸೆಪ್ಟೆಂಬರ್‌ನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಆ ಪರವಾನಗಿ ತಡೆಹಿಡಿದರು, ಒಪ್ಪಿಗೆ ಪಡೆಯದ ಮಾತುಗಳನ್ನು ಕಂಪನಿ ಹೇಳಿಕೊಂಡಿದೆ ಅಂತ. ಹನಿ ಬಂದ ಸುದ್ದಿ ನನಗೆ ವಾಟ್ಸಾಪಿನಲ್ಲಿ ಹನ್ನೊಂದು ಸಲ ಬಂದಿತ್ತು. ತಡೆದ ಸುದ್ದಿ ಒಂದು ಸಲವೂ ಬರಲಿಲ್ಲ.

ಈಗ ಬೀಳಗಿಗೆ ಬರೋಣ. ಕಣ್ಣಿನ ಮಾತು ಬಂದರೆ ನಮ್ಮ ಸೀಮೆಯವರು ಬೀಳಗಿಯನ್ನು ಬಿಟ್ಟು ಮಾತಾಡಬಾರದು. ಡಾಕ್ಟರ್ ಎಂ.ಸಿ. ಮೋದಿ ಹುಟ್ಟಿದ್ದು ಅಲ್ಲಿ, 1916ರಲ್ಲಿ. ಊರೂರಿಗೆ ಹೋಗಿ ಶಿಬಿರ ಮಾಡಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಆಪರೇಶನ್ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. 1993ರ ಫೆಬ್ರವರಿ ತನಕದ ಲೆಕ್ಕ ಅದೇ ಪುಸ್ತಕ ಕೊಟ್ಟಿದೆ: 46,120 ಹಳ್ಳಿ, 6,10,564 ಆಪರೇಶನ್. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು. 2005ರಲ್ಲಿ ತೀರಿಕೊಂಡರು. ಇವತ್ತಿನ ಮಾನದಂಡದಲ್ಲಿ ಒಂದು ದಿನಕ್ಕೆ ಅಷ್ಟು ಕಣ್ಣು ಸರಿಯೇ ಅಂತ ಕೇಳುವವರಿದ್ದಾರೆ, ಕೇಳಲಿ. ನಾನು ಹೇಳಹೊರಟದ್ದು ಬೇರೆ.

ಆ ಕಾಲದ ಶಿಬಿರಗಳಲ್ಲಿ ಪೊರೆ ತೆಗೆದರೆ ಒಳಗೆ ಕೃತಕ ಮಸೂರ ಇಡುತ್ತಿರಲಿಲ್ಲ. ಆಪರೇಶನ್ ಆದವರಿಗೆ ದಪ್ಪ ಗಾಜಿನ ಕನ್ನಡಕ, ಸೋಡಾ ಬಾಟ್ಲಿಯ ತಳದಂಥದ್ದು. ನಮ್ಮ ಅಜ್ಜಿಗೂ ಅದಿತ್ತು. ಬದಿಗೊಂದು ಕಾಲು ಮುರಿದಾಗ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದಳು. ಆ ಕನ್ನಡಕ ಏರಿಸಿ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು, ನೋಡ್ರಿ ನನಗೀಗ ಕಾಣತೈತಿ ಅಂತ ತೋರಿಸುವುದಕ್ಕೆ. ಕನ್ನಡಕ ಅಂದರೆ ಆಗ ಕಣ್ಣು ಬಂತು ಅಂತ ಅರ್ಥ. ಅದು ನಾಚಿಕೆಯ ವಸ್ತು ಆಗಿರಲಿಲ್ಲ. ಮೋದಿಯವರು ಹಳ್ಳಿ ಹಳ್ಳಿ ತಿರುಗಿದ್ದು ಕುರುಡರಿಗೆ ಕಣ್ಣು ಕೊಡುವುದಕ್ಕೆ. ಈಗಿನವರು ಹಳ್ಳಿ ಹಳ್ಳಿಗೆ ಗಾಡಿ ಕಳಿಸುವುದು ಕಣ್ಣಿದ್ದವರ ಕನ್ನಡಕ ಕಸಿಯುವುದಕ್ಕೆ. ಹೆಸರು ಮಾತ್ರ ಎರಡಕ್ಕೂ ಶಿಬಿರವೇ.

ತಪ್ಪು ತಿಳಿಯಬೇಡಿ. ಪೊರೆ ಬಂದರೆ ಆಪರೇಶನ್ ಮಾಡಿಸಲೇಬೇಕು, ತಡ ಮಾಡಬಾರದು. ಆಗ ಯಾವ ಮಸೂರ ಅನ್ನುವ ಪ್ರಶ್ನೆ ಹೇಗೂ ಬರುತ್ತದೆ. ಹಣ ಇದ್ದು, ಕೆಲಸಕ್ಕೆ ಹೊಂದಿ, ಸಾಧಕ ಬಾಧಕ ತಿಳಿದು ದುಬಾರಿ ಮಸೂರ ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ. ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ ಹಾಗೆ ಹಾಕಿಸಿಕೊಂಡು ಸುಖವಾಗಿದ್ದಾನೆ, ನನಗೂ ದಿನಾ ಶಿಫಾರಸು ಮಾಡುತ್ತಾನೆ. ಅವನು ಕಂಪ್ಯೂಟರ್ ಮುಂದೆ ಎಸಿಯಲ್ಲಿ ಕೂರುವವನು, ತಿಳಿದೇ ಮಾಡಿದ್ದಾನೆ. ನನ್ನ ತಕರಾರು, ಪೊರೆಯೇ ಇಲ್ಲದ ನೇಕಾರನನ್ನು ಗಾಡಿ ಕಳಿಸಿ ಕರೆಸಿ, ನಿಮ್ಮ ಕಣ್ಣು ಕೆಟ್ಟಿದೆ ಅನ್ನುವ ಧಾಟಿಯಲ್ಲಿ ಮಾತಾಡಿ, ಮಗ್ಗ ಮಾರುವ ಮಟ್ಟಕ್ಕೆ ತರುತ್ತಾರಲ್ಲ, ಅದರ ಬಗ್ಗೆ.

ಕನ್ನಡಕದಿಂದ ದುಡಿಮೆಗೆ ಏನಾಗುತ್ತದೆ ಅಂತ ಅಳೆದು ನೋಡಿದವರಿದ್ದಾರೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೂಲಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹತ್ತಿರದ ಕನ್ನಡಕ ಮೊದಲೇ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಹಾಕಿದವರು ದಿನಕ್ಕೆ 25 ಕಿಲೋ ಎಲೆ ಕೀಳುತ್ತಿದ್ದವರು ಸುಮಾರು 35ಕ್ಕೆ ಬಂದರು. ಹಾಕದವರೂ ಸೀಜನ್ ಏರಿದಂತೆ ಒಂದಿಷ್ಟು ಹೆಚ್ಚು ಕಿತ್ತರು, 26ರಿಂದ 30ರ ಮೇಲಕ್ಕೆ. ಅದನ್ನು ಕಳೆದ ಮೇಲೂ ಕನ್ನಡಕದಿಂದಾದ ಲಾಭ ಶೇ. 21.7. ಇದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. 2024ರಲ್ಲಿ ಬಾಂಗ್ಲಾದೇಶದ ಹಳ್ಳಿಗಳ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಎಂಟು ತಿಂಗಳಲ್ಲಿ ಕನ್ನಡಕ ಸಿಕ್ಕವರ ಆದಾಯ ಸಿಗದವರಿಗಿಂತ ಮೂರನೇ ಒಂದು ಪಾಲು ಹೆಚ್ಚಿತ್ತು. ಎರಡರಲ್ಲೂ ಯಾರ ಕಣ್ಣಿಗೂ ಯಾರೂ ಲೇಸರ್ ಹೊಡೆದಿರಲಿಲ್ಲ. ಸಾದಾ ಕನ್ನಡಕ.

ಚಹಾ ಎಲೆಗೇ ಹೀಗಾದರೆ ನೂಲಿಗೆ ಹೇಗೆ? ಹಾಸಿನ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ, ಸಾವಿರಾರು ಎಳೆಗಳ ನಡುವೆ ಹರಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸಂದಿಯಲ್ಲಿ ತೂರಿಸಿ ಎಳೆದುಕೊಳ್ಳಬೇಕು. ಕಂಡವನಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಕಾಣದವನು ಮಗನನ್ನು ಕೂಗಬೇಕು. ಮಗ ಕಾಲೇಜಿಗೆ ಹೋಗಿದ್ದರೆ ಮಗ್ಗ ನಿಂತೇ ಇರಬೇಕು. ಎಳೆ ಹರಿದದ್ದು ತಡವಾಗಿ ಕಣ್ಣಿಗೆ ಬಿದ್ದರೆ ಸೀರೆಯಲ್ಲಿ ಗೆರೆ ಬೀಳುತ್ತದೆ, ಸಾವುಕಾರ ಮಜೂರಿಯಲ್ಲಿ ಮುರಿದುಕೊಳ್ಳುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಐವತ್ತರ ಸುಮಾರಿಗೆ "ಇನ್ನ ಮಗ್ಗ ಆಗೂದಿಲ್ಲ" ಅಂತ ಕೈಬಿಟ್ಟು ಯಾವುದೋ ಅಂಗಡಿಯಲ್ಲಿ ಕೂತವರನ್ನು ನಾನೇ ಕಂಡಿದ್ದೇನೆ. ಕೈ ಗಟ್ಟಿ ಇತ್ತು, ಬೆನ್ನು ಗಟ್ಟಿ ಇತ್ತು. ಬೇಕಾದದ್ದು ಎರಡು ಗಾಜಿನ ತುಂಡು.

ಹಾಗಾದರೆ ಹಾಕಿಕೊಳ್ಳಲು ಏನು ಧಾಡಿ? ಇಲ್ಲಿ ತಪ್ಪು ಆಸ್ಪತ್ರೆಯದ್ದಷ್ಟೇ ಅಲ್ಲ, ನಮ್ಮದೂ ಇದೆ. ಗಂಡಸು ಕನ್ನಡಕ ಹಾಕಿದರೆ "ಏನೋ ಮುದುಕಾ" ಅಂತ ಚಹಾದಂಗಡಿಯಲ್ಲಿ ನಗುತ್ತೇವೆ. ಹೆಂಗಸು ಹಾಕಿದರೆ ಇನ್ನೂ ಕೆಟ್ಟದ್ದು. ಕಂಡಿಕೆ ಸುತ್ತುವವರು, ಸೀರೆಯ ಅಂಚಿನ ದಾರ ಕತ್ತರಿಸುವವರು, ರಾತ್ರಿ ಅಕ್ಕಿಯಲ್ಲಿ ಹರಳು ಆರಿಸುವವರು ಎಲ್ಲ ಹೆಂಗಸರೇ. ನಲವತ್ತೆರಡರ ಸೊಸೆ ಕನ್ನಡಕ ಕೇಳಿದರೆ "ಈಗಲೇ ಏನಾತು ನಿನಗ" ಅನ್ನುವ ಅತ್ತೆ ಇನ್ನೂ ಇದ್ದಾಳೆ. ಸೂಜಿಗೆ ದಾರ ಪೋಣಿಸಿ ಕೊಡು ಅಂತ ಮೊಮ್ಮಕ್ಕಳನ್ನು ಕರೆಯುವುದನ್ನು ನಾವು ಪ್ರೀತಿಯ ಚಿತ್ರ ಅಂತ ನೋಡುತ್ತೇವೆ. ಆ ಅಜ್ಜಿಗೆ ಕಾಣುತ್ತಿಲ್ಲ, ಅಷ್ಟೇ. ನಾವು ಉಚಿತವಾಗಿ ಹಚ್ಚಿದ ಈ ನಾಚಿಕೆಯನ್ನೇ ಅವರು ಒಂದು ಲಕ್ಷ ಅರವತ್ತು ಸಾವಿರಕ್ಕೆ ತೆಗೆಯುತ್ತೇವೆ ಅನ್ನುತ್ತಿದ್ದಾರೆ.

ಸರ್ಕಾರದ್ದೂ ಒಂದು ಮಾತು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಅದರಲ್ಲಿ ಶಾಲೆ ಮಕ್ಕಳಿಗೆ ಮಾತ್ರವಲ್ಲ, ವಯಸ್ಸಾದವರಿಗೆ ಹತ್ತಿರದ ಕೆಲಸಕ್ಕೂ ಉಚಿತ ಕನ್ನಡಕ ಕೊಡುವ ಅವಕಾಶ ಇದೆ. ಇದು ಗೊತ್ತಿರುವ ಒಬ್ಬ ನೇಕಾರನನ್ನು ನನಗೆ ತೋರಿಸಿ. ಕನ್ನಡಕ ಕೊಟ್ಟದ್ದು ಸುದ್ದಿಯಾಗುವುದಿಲ್ಲ. ಆಪರೇಶನ್ ಸಂಖ್ಯೆಯ ಜೊತೆ ಫೋಟೋ ತೆಗೆಸಿಕೊಳ್ಳಬಹುದು, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದವರನ್ನು ಸಾಲಾಗಿ ನಿಲ್ಲಿಸಿ. ನೇಕಾರರ ಹೆಸರಲ್ಲಿ ಚುನಾವಣೆಗೊಂದು ಭರವಸೆ ಕೊಡುವ ನಮ್ಮ ಮುಖಂಡರು, ಮಗ್ಗಗಳ ಓಣಿಯಲ್ಲಿ ಒಂದು ವಾರ ಟೇಬಲ್ ಹಾಕಿ ನಲವತ್ತು ದಾಟಿದವರ ಕಣ್ಣು ನೋಡಿಸಿ ಕನ್ನಡಕ ಹಂಚಲಿ. ಖರ್ಚು ಒಂದು ಸನ್ಮಾನ ಸಮಾರಂಭದ್ದಕ್ಕಿಂತ ಕಡಿಮೆ.

ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನ ಊರುಗಳಿಗೆ ಹೋದಾಗ ಇನ್ನೊಂದನ್ನು ನೋಡಿದ್ದೇನೆ. ಪರಿಹಾರದ ಕಾಗದ, ನೋಟಿಸು, ಒಪ್ಪಿಗೆ ಪತ್ರ ಎಲ್ಲಕ್ಕೂ ರೈತರು ಯಾರೋ ಓದಿ ಹೇಳಿದ್ದನ್ನು ನಂಬಿ ಸಹಿ ಹಾಕುತ್ತಾರೆ. ಅವರಲ್ಲಿ ಎಷ್ಟೋ ಜನ ಏಳನೇತ್ತೆ, ಮುಲ್ಕಿ ಪಾಸಾದವರು, ಓದು ಬಲ್ಲವರು. ಅಕ್ಷರ ಮರೆತಿಲ್ಲ, ಅಕ್ಷರ ಕಾಣುತ್ತಿಲ್ಲ. ಭೂಮಿ ಹೋಗುವ ಕಾಗದಕ್ಕೆ ಕಾಣದೆ ಸಹಿ, ಕಣ್ಣು ಕೊಯ್ಯುವ ಕಾಗದಕ್ಕೂ ಕಾಣದೆ ಸಹಿ. ಮಾಮಾ ಆ ಆಸ್ಪತ್ರೆಯಲ್ಲಿ ಒಂದು ಫಾರ್ಮಿಗೆ ಆಗಲೇ ಸಹಿ ಹಾಕಿ ಬಂದಿದ್ದರು. ಏನು ಬರೆದಿತ್ತು ಅಂದರೆ, "ಏನೋಪಾ, ಇಂಗ್ಲಿಷ್‌ನಾಗಿತ್ತು, ಸಣ್ಣದೂ ಇತ್ತು."

ಅವತ್ತೇ ಮಧ್ಯಾಹ್ನ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ತಂದು ಏರಿಸಿಕೊಳ್ಳುವ ಕನ್ನಡಕ ಸಾಲುತ್ತಿತ್ತೇನೋ, ಆದರೆ ನಲವತ್ತು ದಾಟಿದ ಮೇಲೆ ಒಮ್ಮೆ ಒತ್ತಡವನ್ನೂ ಒಳಗಿನ ನರವನ್ನೂ ನೋಡಿಸಬೇಕು. ಗ್ಲಾಕೋಮಾ ಸದ್ದಿಲ್ಲದೆ ಬರುತ್ತದೆ, ಸಕ್ಕರೆ ಕಾಯಿಲೆಯೂ ಕಣ್ಣಲ್ಲಿ ಕೂರುತ್ತದೆ. ಬಣ್ಣದ ಪಾಂಪ್ಲೆಟ್ಟಿನಲ್ಲಿ ಅವೆರಡರ ಹೆಸರೂ ಇರಲಿಲ್ಲ ಅನ್ನುವುದನ್ನು ಆಮೇಲೆ ಗಮನಿಸಿದೆ. ನೋಡಿದವರು ಚೀಟಿ ಬರೆದುಕೊಟ್ಟರು, ಎರಡೂ ಕಣ್ಣಿಗೆ ಪ್ಲಸ್ ಎರಡು. "ಮಗ್ಗದ ಮುಂದೆ ಎಷ್ಟು ದೂರದಲ್ಲಿ ಎಳೆ ಹಿಡೀತೀರಿ, ತೋರಿಸ್ರಿ" ಅಂತ ಕೇಳಿ, ಮಾಮಾ ಗಾಳಿಯಲ್ಲಿ ಎಳೆ ಹಿಡಿದು ತೋರಿಸಿದ್ದನ್ನು ನೋಡಿ ನಂಬರು ಸ್ವಲ್ಪ ಇಳಿಸಿದರು. ಅಷ್ಟೊಂದು ವಿಚಾರ ಆ ದೊಡ್ಡ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲವಂತೆ.

ಬಜಾರದಲ್ಲಿ ಕನ್ನಡಕಕ್ಕೆ ಇನ್ನೂರ ಐವತ್ತು ರೂಪಾಯಿ ಆಯಿತು. ಮಾಮಾ ಹಾಕಿಕೊಂಡು ಮೊದಲು ಓದಿದ್ದು ಪಾಂಪ್ಲೆಟ್ಟಿನ ಕೆಳಗಿನ ಆ ಸಣ್ಣ ಸಾಲನ್ನು. ಎರಡು ಸಲ ಓದಿ, ಮಡಚಿ, ಕಿಸೆಗೆ ಇಟ್ಟರು. ಏನೂ ಅನ್ನಲಿಲ್ಲ.

ನಾಲ್ಕು ಮಗ್ಗ ನಾಲ್ಕಾಗಿಯೇ ಇವೆ. ಕನ್ನಡಕವನ್ನು ದಾರದಲ್ಲಿ ಮಗ್ಗದ ಮೂಲೆಗೇ ತೂಗುಹಾಕಿದ್ದಾರಂತೆ, ಓಣಿಯಲ್ಲಿ ಹಾಕಿಕೊಂಡು ಮಾತ್ರ ಇನ್ನೂ ತಿರುಗುವುದಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಇವರು ಊಟಕ್ಕೆ ಎದ್ದಾಗ ಆ ಕನ್ನಡಕ ನಾ ಹಾಕ್ಕೊಂಡು ಕಂಡಿಕಿ ಸುತ್ತತೇನಿ, ಭಾಳ ಛಲೋ ಕಾಣತೈತಿ, ಆದ್ರ ಸ್ವಲ್ಪ ತಲಿ ನೋಯತೈತಿ ಅಂದಳು. ಅವಳಿಗೆ ನಲವತ್ತಾರು. ಬರುವ ವಾರ ಜಮಖಂಡಿಗೆ ಬಾ ಅಂದಿದ್ದೇನೆ. ಅತ್ತೆಗೆ ಏನಂತ ಹೇಳಿ ಬರಲಿ ಅಂತ ಕೇಳುತ್ತಿದ್ದಾಳೆ.